ಅರವತ್ತೆಂಟು ಲಿಂಗಗಳ ದಾರಿ

ಕರಾವಳಿಯ ಐತಿಹ್ಯಕ್ಕೆ ಬಂಡೆಗಳೇ ಸಾಕ್ಷಿ ನುಡಿಯುತ್ತವೆ. ಆತ್ಮಲಿಂಗ ಗೋಕರ್ಣದಲ್ಲಿ ನೆಲ ಕಚ್ಚಿತು, ಸಿಟ್ಟಿಗೆದ್ದ ರಾವಣ ಕಿತ್ತೆಸೆದ ವಸ್ತ್ರ ಮುರುಡೇಶ್ವರದಲ್ಲಿ ಬಿತ್ತು, ದಾರ ಧಾರೇಶ್ವರದಲ್ಲಿ ಬಿತ್ತು ಎಂಬ ಕಥೆಯನ್ನು ಉತ್ತರ ಕನ್ನಡದ ದಂಡೆಯಲ್ಲಿ ನಡೆಯುವವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ; ಕಡಲಿಗೆ ಚಾಚಿದ ಗುಡ್ಡಗಳನ್ನು ನೋಡಿದರೆ ಅಲ್ಲೇನೋ ನಡೆದಿರಬೇಕು ಎಂದು ತಾನಾಗಿ ಅನ್ನಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಗೆ ಆ ಭಾಗ್ಯವಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಹಾಸಿದ ಕರಿಗಲ್ಲು, ಅದರ ಮೇಲೆ ಎರೆಮಣ್ಣು, ಅದರಲ್ಲಿ ಹಿಂಗಾರಿ ಜೋಳ. ಕಣ್ಣು ಹಾಯುವವರೆಗೂ ಬಯಲು. ಆದರೂ ಈ ಬಯಲಿನಲ್ಲಿ ಹೆಜ್ಜೆಗೊಂದು ಗುಡಿ, ಗುಡಿಗೊಂದು ಕಥೆ ಇದೆ. ಕರಾವಳಿಯ ಐತಿಹ್ಯ ಪ್ರಕೃತಿ ಮಾಡಿದ್ದಕ್ಕೆ ಕಾರಣ ಹೇಳಿದರೆ, ಸೊಲ್ಲಾಪುರದ ಐತಿಹ್ಯ ಮನುಷ್ಯರು ಮಾಡಿದ ಕೆಲಸವನ್ನು ನೆನಪಿಡುತ್ತದೆ. ಆ ನೆನಪನ್ನು ಪುಸ್ತಕಗಳಿಗಿಂತ ಹೆಚ್ಚಾಗಿ ಕಾಪಾಡಿಕೊಂಡು ಬಂದಿರುವುದು ವರ್ಷಕ್ಕೊಮ್ಮೆಯ ನಡಿಗೆ.

ಕಥೆ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಮುದ್ದುಗೌಡ, ಸುಗ್ಗಲೆಯರ ಮಗ ಸಿದ್ಧರಾಮ ದನ ಕಾಯುತ್ತಿದ್ದ. ಹಸಿದು ಬಂದ ಜಂಗಮನಿಗೆ ಬುತ್ತಿ ತರಲು ಹುಡುಗ ಮನೆಗೆ ಓಡಿದ, ತಂದಾಗ ಜಂಗಮನಿಲ್ಲ. ಮಲ್ಲಯ್ಯನೆಂಬ ಆ ಜಂಗಮನನ್ನು ಹುಡುಕುತ್ತ ಶ್ರೀಶೈಲದವರೆಗೆ ಹೋಗಿ, ಕಾಣದೆ ಕಮರಿಗೆ ಹಾರಲು ಹೊರಟವನನ್ನು ಮಲ್ಲಿಕಾರ್ಜುನ ಹಿಡಿದು ನಿಲ್ಲಿಸಿದ. ಬೇರೆ ಎಷ್ಟೋ ಭಕ್ತರ ಕಥೆ ಈ ದರ್ಶನದಲ್ಲೇ ಮುಗಿದುಬಿಡುತ್ತದೆ. ಸಿದ್ಧರಾಮನಿಗೆ ಮಾತ್ರ ಊರಿಗೆ ಮರಳು, ಕೆಲಸ ಮಾಡು ಎಂಬ ಅಪ್ಪಣೆಯಾಯಿತು. ಬಂದವನು ಗುಡಿ ಕಟ್ಟಿಸಿದ, ಜನರನ್ನು ಕೂಡಿಸಿ ಕೆರೆ ತೋಡಿಸಿದ, ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ನಿಲ್ಲಿಸಿದ ಎನ್ನುತ್ತದೆ ಪರಂಪರೆ. ಈ ಕೆರೆಗುಡಿಗಳ ಕಾಯಕವೇ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ಕ್ಕೂ ವಸ್ತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ನೆಚ್ಚುವಂತಿಲ್ಲದ ಮಳೆ ಬೀಳುವ ಊರಿಗೆ ಕೆರೆಗಿಂತ ದೊಡ್ಡ ಪವಾಡ ಬೇಕಿರಲಿಲ್ಲ. ಕೋಟೆಯ ಪಕ್ಕದಲ್ಲಿ ನೀರಿನ ನಡುವೆ ನಿಂತ ಸಿದ್ಧೇಶ್ವರ ಗುಡಿಯೇ ಇಂದಿಗೂ ಸೊಲ್ಲಾಪುರದ ಅತಿ ಚೆಲುವಾದ ನೋಟ. ಆ ನೋಟವನ್ನು ಅಗೆದು ಪಡೆದದ್ದು ಮನುಷ್ಯರ ಕೈ.

ಸಂಕ್ರಾಂತಿಯ ಹೊತ್ತಿಗೆ ನಡೆಯುವ ಗಡ್ಡಾ ಜಾತ್ರೆಯಲ್ಲಿ ಈ ಲಿಂಗಗಳ ಭೂಪಟವನ್ನು ಕಾಲಿನಿಂದ ಓದುತ್ತಾರೆ. ಮೊದಲ ದಿನ ಎಣ್ಣೆಮಜ್ಜನ. ಉತ್ತರ ಕಸಬಾದ ಹಿರೇಹಬ್ಬು ಅವರ ವಾಡೆಯಿಂದ ಏಳು ನಂದಿಧ್ವಜಗಳು ಹೊರಟು ಅರವತ್ತೆಂಟು ಲಿಂಗಗಳಿಗೂ ಹೋಗುತ್ತವೆ. ಒಂದೊಂದು ಲಿಂಗಕ್ಕೂ ಎಣ್ಣೆ ಹಚ್ಚಿ ಮುಂದೆ ಸಾಗುತ್ತವೆ. ಮದುವೆಗೆ ಮುನ್ನ ಎಣ್ಣೆ ಹಚ್ಚುವ ಶಾಸ್ತ್ರವಿದು. ದಿನವೂ ಸಿದ್ಧರಾಮನ ಅಂಗಳ ಗುಡಿಸುತ್ತಿದ್ದ ಕುಂಬಾರರ ಹುಡುಗಿ ಅವನನ್ನೇ ವರಿಸಬೇಕೆಂದಳಂತೆ. ಯೋಗಿಯಾದವನು ತನ್ನ ಯೋಗದಂಡವನ್ನು ಮದುವೆಯಾಗು ಎಂದನಂತೆ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಅದರ ಮರುದಿನ ಹೋಮ. ಬಿಳಿಯ ಬಾರಾಬಂದಿ ತೊಟ್ಟ ಆಳುಗಳು ಬಾಸಿಂಗ ಕಟ್ಟಿದ ನಂದಿಧ್ವಜದ ಎತ್ತರದ ಕೋಲನ್ನು ಸೊಂಟದ ಪಟ್ಟಿಗೆ ಊರಿ, ಗಾಳಿಗೆ ವಾಲದಂತೆ ಹಿಡಿದು ಹೆಜ್ಜೆ ಹಾಕುತ್ತಾರೆ. ತೋಳು ಸೋತರೆ ಮತ್ತೊಬ್ಬ ಹೆಗಲು ಕೊಡುತ್ತಾನೆ. ಓಣಿ ಎಷ್ಟೇ ಇಕ್ಕಟ್ಟಾದರೂ ಕೋಲು ಹಾಯುವಷ್ಟು ಜಾಗ ಇರಲೇಬೇಕು. ವರ್ಷ ವರ್ಷವೂ ಇದು ನಡೆಯುವುದರಿಂದ ಊರು ಗುರುತು ಸಿಗದಷ್ಟು ಬೆಳೆದರೂ ಆ ದಾರಿ ಮುಚ್ಚಿಹೋಗಿಲ್ಲ.

ಇದಕ್ಕೆ ಚರಿತ್ರೆ ಓದಿದವರ ಆಕ್ಷೇಪವಿದೆ. ಅರವತ್ತೆಂಟು ಎನ್ನುವುದು ಎಣಿಸಿ ಬಂದ ಲೆಕ್ಕವಲ್ಲ. ಶೈವರು ಭರತಖಂಡದ ತೀರ್ಥಗಳಿಗೆ ಹೇಳುತ್ತ ಬಂದ ರೂಢಿಯ ಸಂಖ್ಯೆ. ಇಂದು ಪೂಜೆಗೊಳ್ಳುವ ಪ್ರತಿ ಲಿಂಗವನ್ನೂ ಸಿದ್ಧರಾಮನೇ ನಿಲ್ಲಿಸಿದನೆಂದು ಹೇಳಲೂ ಬಾರದು. ಮಾತು ನಿಜ. ಆದರೆ ಸಂಖ್ಯೆ ಶಾಸ್ತ್ರದಿಂದ ಬಂದಿರಬಹುದು, ಜಾಗ ಶಾಸ್ತ್ರದಿಂದ ಬರುವುದಿಲ್ಲ. ಎಲ್ಲಿ ಲಿಂಗ, ಎಲ್ಲಿ ತಿರುವು, ಯಾವುದರ ನಂತರ ಯಾವುದು ಎಂಬುದನ್ನು ಈ ನೆಲದಲ್ಲಿ ಓಡಾಡಿದವರೇ ಗೊತ್ತುಮಾಡಬೇಕು. ದೂರದ ಅರವತ್ತೆಂಟು ತೀರ್ಥಗಳಿಗೆ ಹೋಗಲಾಗದ ಒಕ್ಕಲಿಗನಿಗೆ, ಕುಂಬಾರನಿಗೆ ಅವನ್ನು ಊರ ಸುತ್ತಳತೆಯಲ್ಲೇ ಒದಗಿಸಿದ ಯೋಜನೆ ಇದು. ಯಾರು ನಿಲ್ಲಿಸಿದರು ಎಂಬ ಪ್ರಶ್ನೆ ಉಳಿದುಕೊಂಡರೂ ಯೋಜನೆಯಿತ್ತು ಎನ್ನುವುದಕ್ಕೆ ದಾರಿಯೇ ಆಧಾರ.

ಇನ್ನೂ ಬಿಗಿಯಾದ ಆಕ್ಷೇಪ ಶರಣರದೇ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮ ಸೊನ್ನಲಿಗೆಗೆ ಬಂದು, ಕೆರೆ ಅಗೆಯುವ ಗುಡಿ ಕಟ್ಟುವ ಸಿದ್ಧರಾಮನನ್ನು ಹಂಗಿಸುತ್ತಾನೆ, ಕೆರಳಿದ ಕೆಲಸಗಾರರು ಅವನತ್ತ ಕಲ್ಲು ಬೀರುತ್ತಾರೆ. ಕೊನೆಗೆ ಸಿದ್ಧರಾಮ ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗಿ ಇಷ್ಟಲಿಂಗದ ದಾರಿ ಹಿಡಿಯುತ್ತಾನೆ. ಸಿದ್ಧರಾಮನೇ ಬಿಟ್ಟುಹೋದ ಸ್ಥಾವರಕ್ಕೆ ಎಣ್ಣೆ ಹಚ್ಚುತ್ತ ತಿರುಗುವುದು ಎಷ್ಟು ಸರಿ ಎಂದು ಕೇಳಬಹುದು. ತತ್ವದ ಮಟ್ಟಿಗೆ ಅಲ್ಲಮನದೇ ಮೇಲುಗೈ. ಆದರೆ ಅಲ್ಲಮ ಚುಚ್ಚಿದ್ದು ನಾನು ಮಾಡಿದೆ ಎಂಬ ಭಾವವನ್ನು. ಕೆರೆಯ ನೀರು ಬೇಡವೆಂದು ಅವನೂ ಹೇಳಲಿಲ್ಲ. ಊರು ನೆನಪಿಟ್ಟದ್ದು ಮುಂದೆ ಶೂನ್ಯಪೀಠ ಏರಿದ ಜ್ಞಾನಿ ಸಿದ್ಧರಾಮನನ್ನಲ್ಲ, ಗುದ್ದಲಿ ಹಿಡಿಸಿದ ಕರ್ಮಯೋಗಿಯನ್ನು. ಬಾಯಾರಿದ ಸೀಮೆ ಹಾಗೆ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ನಗರ ದಾಟಿ ತೆಂಕಣಕ್ಕೆ ನಡೆದರೆ ಭಾಷೆಗಳೂ ಬೆರೆತುಕೊಂಡೇ ಇವೆ. ಅಕ್ಕಲಕೋಟೆ ತಾಲ್ಲೂಕಿನ ಚಿಕ್ಕೇಹಳ್ಳಿ, ನಾಗನಹಳ್ಳಿಗಳ ಫಲಕಗಳು ಮರಾಠಿಯಲ್ಲಿವೆ, ಹೆಸರು ಕನ್ನಡದವು. ಭೀಮಾ, ಸೀನಾ ಸೇರುವ ಹತ್ತರಸಂಗ ಕೂಡಲದ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಎಂದರೆ 1018ರ, ಶಾಸನವಿದೆ. ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಅದನ್ನು ಎಣಿಸುತ್ತಾರೆ. ಈ ಹೆಸರು, ಶಾಸನಗಳನ್ನು ಯಾರ ಸೀಮೆ ಎಂಬ ವ್ಯಾಜ್ಯಕ್ಕೆ ಎಳೆಯುವವರು ಎರಡೂ ಕಡೆ ಇದ್ದಾರೆ. ಸಿದ್ಧರಾಮ ವಚನ ಬರೆದದ್ದು ಕನ್ನಡದಲ್ಲಿ. ಅವನ ಕೋಲಿನ ಹಿಂದೆ ನಡೆಯುವವರು ಕನ್ನಡ, ಮರಾಠಿ, ತೆಲುಗು ಮೂರನ್ನೂ ಆಡುತ್ತಾರೆ. ಸೊಲ್ಲಾಪುರದಿಂದ ಅಕ್ಕಲಕೋಟೆಯ ವಟವೃಕ್ಷ ಮಂದಿರಕ್ಕೆ, 1878ರಲ್ಲಿ ಅಲ್ಲಿ ದೇಹವಿಟ್ಟ ಸ್ವಾಮಿ ಸಮರ್ಥರ ದರ್ಶನಕ್ಕೆ, ಕಾಲ್ನಡಿಗೆಯಲ್ಲಿ ಹೋಗುವವರೂ ಅಷ್ಟೇ. ಈ ದಾರಿಗಳಿಗೆ ಹಕ್ಕುದಾರರು ನಡೆಯುವವರು ಮಾತ್ರ.

ಐತಿಹ್ಯವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಅದು ಕೆಲಸದ ನೆನಪು ಎಂದು ಒಪ್ಪಿದರೆ ಮಾತ್ರ ಒಂದು ಹೊಣೆ ಹೆಗಲೇರುತ್ತದೆ. ಕಡಲ ಬಂಡೆಯನ್ನು ಯಾರೂ ನೋಡಿಕೊಳ್ಳದಿದ್ದರೂ ಅದು ನಿಂತಿರುತ್ತದೆ. ಕೆರೆ ಹಾಗಲ್ಲ, ಹೂಳೆತ್ತದಿದ್ದರೆ, ಕೊಳಚೆ ತಡೆಯದಿದ್ದರೆ ಸಾಯುತ್ತದೆ. ನಂದಿಧ್ವಜದ ದಾರಿಯನ್ನು ಇಷ್ಟು ಶತಮಾನ ಬಿಡದೆ ಉಳಿಸಿಕೊಂಡ ಊರು ಅದೇ ಹಟವನ್ನು ನೀರಿನ ಮೇಲೂ ತೋರಬೇಕು. ಇಲ್ಲವಾದರೆ ಮದುವೆಯ ಶಾಸ್ತ್ರವಷ್ಟೇ ಉಳಿದು, ಮಲ್ಲಯ್ಯ ಒಪ್ಪಿಸಿದ ಕೆಲಸ ಮರೆತುಹೋಗುತ್ತದೆ.