ತೋಪೆಳೆದ ಎತ್ತುಗಳ ಕಾವಲಿಗೆ ಗೋಡೆ ಎದ್ದ ಕತೆ

ಎಮ್ಮೆದೊಡ್ಡಿಯಿಂದ ಕಡೂರು, ಬೀರೂರು ಹಾದು ಅಜ್ಜಂಪುರದತ್ತ ಹೊರಟರೆ ರಾಗಿ ಹೊಲ, ತೆಂಗಿನ ತೋಟಗಳ ನಡುವೆ ನೇಗಿಲು ಕಾಣದ ಬಯಲು ಆಗಾಗ ಎದುರಾಗುತ್ತದೆ. ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಮರ, ಅದೃಷ್ಟವಿದ್ದರೆ ಕೃಷ್ಣಮೃಗದ ಹಿಂಡು. ಇವು ಅಮೃತಮಹಲ್ ಕಾವಲುಗಳು. ಪಾಳುಬಿದ್ದ ಸರ್ಕಾರಿ ಜಮೀನೆಂದು ಭಾವಿಸುವವರೇ ಹೆಚ್ಚು. ಈ ಹುಲ್ಲು ಶತಮಾನಗಳ ಹಿಂದೆಯೇ ಯುದ್ಧದ ಲೆಕ್ಕಕ್ಕೆ ಸೇರಿತ್ತು ಎಂಬುದು ಕೆಲವರಿಗಷ್ಟೇ ಗೊತ್ತು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಆ ದನಗಳ ನಿಜವಾದ ಬೆಲೆಯನ್ನು ಕಂಡುಕೊಂಡವನು ಹೈದರಾಲಿ. ಬೂದು ಮೈ, ಹಿಂದಕ್ಕೆ ಬಾಗಿದ ಚೂಪುಗೊಂಬು, ಹತ್ತಿರ ಬಂದವರನ್ನು ಅಟ್ಟಿಸಿಕೊಂಡು ಹೋಗುವ ಸಿಟ್ಟಿನ ತಳಿ ಅದು. ಹಾಲು ಕಡಿಮೆ, ನಡಿಗೆ ಚುರುಕು. ಚಿದಂಬರದ ರಕ್ಷಣೆಗೆ ಹೈದರನ ದಂಡು ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದು ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿದೆ. ಬ್ರಿಟಿಷ್ ಜನರಲ್ ಮೆಡೋಸ್‌ನನ್ನು ಎದುರಿಸಲು ಟಿಪ್ಪು ಎರಡು ದಿನದಲ್ಲಿ 63 ಮೈಲಿ ನಡೆದ. ತೋಪುಗಳು ಹಿಂದೆ ಉಳಿಯಲಿಲ್ಲ; ಎತ್ತುಗಳು ಅವನ್ನು ದಂಡಿನ ಜೊತೆಜೊತೆಗೇ ಎಳೆದು ತಂದವು. ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು ಅದರ ನಿಯಮಗಳ ಹುಕುಂನಾಮೆ ಬರೆಸಿದವನು ಟಿಪ್ಪುವೇ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿದ್ದವು. ಇಂದಿನ ಸೇನೆಗೆ ಡೀಸೆಲ್ ಎಷ್ಟು ಮುಖ್ಯವೋ ಅಂದಿನ ಮೈಸೂರಿಗೆ ಈ ಹುಲ್ಲು ಅಷ್ಟೇ ಮುಖ್ಯವಾಗಿತ್ತು.

ಅದೇ ದಂಡಿನಲ್ಲಿ ರಾಕೆಟ್ಟುಗಳೂ ಇದ್ದವು. ಯುರೋಪಿನವರು ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದಾಗ ಮೈಸೂರಿನವರು ಕಬ್ಬಿಣದ ಕೊಳವೆಗೆ ತುಂಬಿದರು. ಒಳಗಿನ ಒತ್ತಡ ಹೆಚ್ಚಿತು, ರಾಕೆಟ್ ದೂರ ಹಾರಿತು. 1780ರ ಪೊಳ್ಳಿಲೂರು ಕಾಳಗದಲ್ಲಿ ಇವು ಬ್ರಿಟಿಷ್ ಕರ್ನಲ್ ಬೈಲಿಯ ಪಡೆಯ ಮೇಲೆ ಬಿದ್ದವು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯೊಂದರಿಂದ ಪುರಾತತ್ವ ಇಲಾಖೆ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳನ್ನು ಮೇಲೆತ್ತಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದ ಬ್ರಿಟಿಷರ ಕಣ್ಣು ಖಜಾನೆಯ ಮೇಲಷ್ಟೇ ಇರಲಿಲ್ಲ. ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅವನ್ನು ಸುಧಾರಿಸಿದ. 1807ರಲ್ಲಿ ಬ್ರಿಟಿಷರು ಅವನ್ನೂ ಬಳಸಿ ಕೋಪನ್‌ಹೇಗನ್ ನಗರದ ಮೇಲೆ ದಾಳಿ ಮಾಡಿದರು. ಎತ್ತುಗಳು ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿಗೆ ಹೂಡಲ್ಪಟ್ಟವು. ವೈರಿಯ ಕೈಲಿ ಏನು ಹಾರುತ್ತದೆ, ಅವನ ದಂಡನ್ನು ಏನು ಓಡಿಸುತ್ತದೆ, ಎರಡನ್ನೂ ವಶಪಡಿಸಿಕೊಳ್ಳಬೇಕು ಎಂಬುದು ಆಗಿನ ರಾಜ್ಯತಂತ್ರ. ಈಗಿನದೂ ಅದೇ ಎಂದು ನಾನು ನಂಬುತ್ತೇನೆ.

1860ರಲ್ಲಿ ಖರ್ಚು ಹೆಚ್ಚೆಂದು ಬ್ರಿಟಿಷರು ಹಿಂಡುಗಳನ್ನು ಮಾರಿಬಿಟ್ಟರು. ತಪ್ಪು ಬೇಗ ಅರಿವಾಯಿತು. 1866ರಲ್ಲಿ ಮತ್ತೆ ಕೂಡಿಸಿದರು. 1882ರಲ್ಲಿ ಇಲಾಖೆ ಮೈಸೂರು ಸರ್ಕಾರದ ಕೈಗೆ ಬಂತು, 1923ರಲ್ಲಿ ಸೇನೆಯಿಂದ ಕೃಷಿ ಇಲಾಖೆಗೆ ಸೇರಿತು. ಮೋಟಾರು ಲಾರಿಯ ಕಾಲದಲ್ಲಿ ತೋಪೆಳೆಯುವ ಎತ್ತು ಯಾರಿಗೂ ಬೇಡವಾಯಿತು. ತಳಿ ಉಳಿದದ್ದು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಂಥ ಕಡೆಗಳಲ್ಲಿ.

ಸೇನೆ ಮತ್ತೆ ಕಾವಲಿನತ್ತ ತಿರುಗಿದ್ದು ನಮ್ಮ ಕಾಲದಲ್ಲಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳೂ ಅಮೃತಮಹಲಿನವೇ. ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ ಸಿಕ್ಕಿತು. ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊಗೂ ಜಾಗ ಹೋಯಿತು. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. 2023ರಲ್ಲಿ ಇಸ್ರೊದ ಮರುಬಳಕೆಯ ಉಡಾವಣಾ ವಾಹನದ ಮಾದರಿ ಇಳಿದದ್ದೂ ಅಲ್ಲೇ.

ಭಾಭಾ ಕೇಂದ್ರದ ಯುರೇನಿಯಂ ಸಂವರ್ಧನೆಯ ಘಟಕ ಅಲ್ಲಿಗೇಕೆ ಬಂತು ಎನ್ನುವುದಕ್ಕೆ ದೂರದ ರಾಜಕೀಯ ಗೊತ್ತಿರಬೇಕು. ಅಮೆರಿಕದೊಂದಿಗಿನ 2008ರ ಪರಮಾಣು ಒಪ್ಪಂದದಲ್ಲಿ ಭಾರತ ನಾಗರಿಕ ಸ್ಥಾವರಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಡ್ಡಿತು, ಸೇನೆಗೆ ಸೇರಿದ್ದನ್ನು ಹೊರಗಿಟ್ಟಿತು. ಆ ಷರತ್ತಿನ ಮೇಲೆ ಬರುವ ವಿದೇಶಿ ಯುರೇನಿಯಂ ಅನ್ನು ಅಣುಜಲಾಂತರ್ಗಾಮಿಗೆ ಬಳಸುವಂತಿಲ್ಲ. ಹಾಗಾಗಿ ಅದರ ಇಂಧನ ಸ್ವಂತ ನೆಲದಲ್ಲೇ, ತಪಾಸಣೆಯ ಹೊರಗೇ ಸಿದ್ಧವಾಗಬೇಕು. ಅಸ್ತ್ರಗಳ ವಿಷಯದಲ್ಲೂ ದೂರದ ರಾಜಕೀಯವಿದೆ. ಅಮೆರಿಕ 2002ರಲ್ಲಿ ಕ್ಷಿಪಣಿ ತಡೆ ವ್ಯವಸ್ಥೆಗಳಿಗೆ ಮಿತಿ ಹಾಕಿದ್ದ ಒಪ್ಪಂದದಿಂದ ಹೊರಬಂದು, 2016ರಲ್ಲಿ ರೊಮೇನಿಯಾದಲ್ಲಿ ಕ್ಷಿಪಣಿ ಕವಚ ಸ್ಥಾಪಿಸಿದಾಗ ಇರಾನಿನ ಭಯವನ್ನು ಕಾರಣವಾಗಿ ಕೊಟ್ಟಿತು. ರಷ್ಯಾ ಅದು ತನ್ನ ವಿರುದ್ಧವೇ ಎಂದಿತು. ಅದೇ ರಷ್ಯಾದಿಂದ ಭಾರತ 2018ರಲ್ಲಿ ಎಸ್-400 ಕೊಳ್ಳಲು ಒಪ್ಪಿದಾಗ ಅಮೆರಿಕದ ನಿರ್ಬಂಧದ ಕತ್ತಿ ತೂಗಾಡಿತು. ಒಬ್ಬರ ಗುರಾಣಿ ಇನ್ನೊಬ್ಬರಿಗೆ ಖಡ್ಗವಾಗಿ ಕಾಣುವ ಈ ಜಗತ್ತಿನಲ್ಲಿ ಸ್ವಂತ ಇಂಧನ, ಸ್ವಂತ ಅಸ್ತ್ರ ಇರಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಆ ವಾದದ ಬೆಲೆಯನ್ನು ತೆತ್ತವರು ಕುರಿ ಕಾಯುವವರು, ಕಂಬಳಿ ನೇಯುವವರು. ಕಾವಲಿನ ಸುತ್ತ ಗೋಡೆ ಏಳತೊಡಗಿದಾಗಲೇ ಎಷ್ಟೋ ಹಳ್ಳಿಗಳಿಗೆ ಜಮೀನು ಹಸ್ತಾಂತರದ ಸುದ್ದಿ ತಿಳಿದದ್ದು. ದೊಡ್ಡಉಳ್ಳಾರ್ತಿಯವರು ಬೀದಿಗಿಳಿದರು, ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಟಿಪ್ಪುವಿನ ಹುಕುಂನಾಮೆಯೂ ಹಳ್ಳಿಯವರನ್ನು ಕೇಳಿ ಬರೆದದ್ದಲ್ಲ, ನಿಜ. ಪ್ರಜಾಪ್ರಭುತ್ವದಲ್ಲಿ ಕೇಳಬೇಕಾಗಿತ್ತು. ರಕ್ಷಣೆಯ ಗುಟ್ಟು ಯಂತ್ರದ ಬಗ್ಗೆ ಇರಲಿ, ಹುಲ್ಲುಗಾವಲಿನ ಬಗ್ಗೆ ಏಕೆ?

ಕಡೂರು ಭಾಗದ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದ ಕಾವಲುಗಳ ಗಡಿ ಗುರುತಿಸಿ, ಅವುಗಳಲ್ಲಿ ಒಂದೆಕರೆಯನ್ನು ಯಾರಿಗೆ ಕೊಡುವುದಿದ್ದರೂ ಮೊದಲು ಗ್ರಾಮಸಭೆಯ ಮುಂದಿಡಲು ಸರ್ಕಾರ ಕಾನೂನು ಮಾಡಲಿ. ಕಡೂರು, ತರೀಕೆರೆ, ಅಜ್ಜಂಪುರದ ಓದುಗರು ತಮ್ಮೂರಿನ ಕಾವಲಿನ ಪಹಣಿಯನ್ನು ಒಮ್ಮೆ ತೆಗೆಸಿ ನೋಡಲಿ.