ಆಕಾಶಯಾನವೂ ಶ್ರುತಿಪೆಟ್ಟಿಗೆಯೂ

ನಮ್ಮ ಕಡಕೊಳವು ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಮಂಡಕಳ್ಳಿಯ ವಿಮಾನ ನಿಲ್ದಾಣವು ಇಲ್ಲಿಗೆ ಬಹು ಸಮೀಪ. 2010ರಲ್ಲಿ ಆ ನಿಲ್ದಾಣವು ಹೊಸದಾಗಿ ತೆರೆದಾಗ, ತಲೆಯ ಮೇಲೆ ಸದ್ದು ಕೇಳಿದೊಡನೆ ನಮ್ಮ ತರಗತಿಯ ಹುಡುಗರೆಲ್ಲರೂ ಶಬ್ದರೂಪಗಳನ್ನು ಅರ್ಧಕ್ಕೆ ಬಿಟ್ಟು ಕಿಟಕಿಗೆ ಓಡುತ್ತಿದ್ದರು. ನಾವೂ ಅವರನ್ನು ಗದರಿಸುವ ನೆವದಿಂದ ಕಿಟಕಿಯವರೆಗೆ ಹೋಗಿ ಒಮ್ಮೆ ನೋಡಿ ಬರುತ್ತಿದ್ದೆವು. ಆ ಲೋಹಪಕ್ಷಿಯ ಉದರದಲ್ಲಿ ಕುಳಿತು ವರ್ಷಕ್ಕೆ ನಾಲ್ಕು ಸಲ ಓಡಾಡುವ ಕಾಲವು ನಮಗೆ ಬಂದೀತೆಂದು ಅಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ.

ಮಗಳು ವಿವಾಹಾನಂತರ ದೆಹಲಿಯನ್ನು ಸೇರಿದಳು. ರೈಲಿನ ಪ್ರಯಾಣವನ್ನು ನಮ್ಮ ಮನೆಯಾಕೆಯ ಸೊಂಟವು ಸಹಿಸದು. ಆದಕಾರಣ ಕಡಕೊಳದಿಂದ ದೇವನಹಳ್ಳಿಗೆ ಮೋಟಾರಿನಲ್ಲಿಯೂ, ಅಲ್ಲಿಂದ ಎರಡು ಮುಕ್ಕಾಲು ಗಂಟೆ ಆಕಾಶಮಾರ್ಗವಾಗಿಯೂ ಹೋಗಿಬರುವುದು ನಮಗೆ ರೂಢಿಯಾಯಿತು. ಅದರಲ್ಲಿ ಹೇಳತಕ್ಕ ಕಷ್ಟವೇನೂ ಇರಲಿಲ್ಲ, ಒಂದನ್ನು ಬಿಟ್ಟು. ನಮ್ಮ ಮನೆಯಾಕೆ ವೀಣೆಯನ್ನು ನುಡಿಸುವವಳು. ಕಛೇರಿ ಮಾಡುವ ವಿದುಷಿಯಲ್ಲ. ಆದರೆ ಮೈಸೂರಿನಲ್ಲಿ ಗುರುಮುಖೇನ ಕಲಿತು, ಮೂವತ್ತು ವರ್ಷಗಳಿಗೂ ಮಿಗಿಲಾಗಿ ದಿನವೂ ಪ್ರಾತಃಕಾಲ ಒಂದು ಗಂಟೆ ಸಾಧನೆಯನ್ನು ತಪ್ಪಿಸದೆ ಬಂದವಳು. ಒಲೆ ಹೊತ್ತುವುದು ತಡವಾದ ದಿನಗಳುಂಟು, ವೀಣೆ ತಡವಾದ ದಿನವಿಲ್ಲ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ.

ವೀಣೆಯೆಂದರೆ ಕೊಳಲಿನಂತೆ ಚೀಲದಲ್ಲಿ ತೂರಿಸುವ ವಸ್ತುವಲ್ಲವಷ್ಟೆ. ಸುಮಾರು ನಾಲ್ಕು ಅಡಿ ಉದ್ದ; ಒಂದು ತುದಿಗೆ ಮರದ ದೊಡ್ಡ ಕೊಡ, ಇನ್ನೊಂದು ತುದಿಗೆ ಯಾಳಿಯ ಮುಖ, ಅದರ ಕೆಳಗೆ ಬುರುಡೆ. ದಂಡಿಯ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುತ್ತವೆ. ವಿಮಾನದೊಳಕ್ಕೆ ಕೈಯಲ್ಲಿ ಒಯ್ಯಬಹುದಾದ ಗಂಟಿನ ತೂಕವು ನಮ್ಮ ದೇಶದಲ್ಲಿ ಸಾಮಾನ್ಯವಾಗಿ 7 ಕಿಲೋ. ಅಳತೆಯು 55, 35, 25 ಸೆಂಟಿಮೀಟರುಗಳೊಳಗೆ ಇರತಕ್ಕದ್ದು. ವೀಣೆಯು ಈ ಲೆಕ್ಕಕ್ಕೆ ಎಲ್ಲಿಂದ ಬಂದೀತು? ಒಂದೋ ಅದಕ್ಕೂ ಒಂದು ಆಸನದ ಟಿಕೇಟನ್ನು ಕೊಳ್ಳಬೇಕು, ಇಲ್ಲವೇ ಮಿಕ್ಕ ಗಂಟುಮೂಟೆಗಳೊಡನೆ ವಿಮಾನದ ಕೆಳಹೊಟ್ಟೆಗೆ ಒಪ್ಪಿಸಬೇಕು. ಪಿಂಚಣಿದಾರರಾದ ನಾವು ಎರಡನೆಯದನ್ನು ಆರಿಸಿಕೊಂಡೆವು.

ವೀಣೆಗೆ ಹತ್ತಿಯ ಹಾಸುಳ್ಳ ಗಟ್ಟಿ ಪೆಟ್ಟಿಗೆಯನ್ನು ಮಾಡಿಸಿ, ನಾಲ್ಕೂ ಕಡೆ ‘ಎಚ್ಚರಿಕೆ’ ಎಂದು ಬರೆದಂಟಿಸಿ ಕಳುಹಿಸಿದೆವು. ಇಳಿದಮೇಲೆ ಪೆಟ್ಟಿಗೆ ಸರಿಯಾಗಿಯೇ ಕೈಸೇರಿತು. ಮಗಳ ಮನೆಯಲ್ಲಿ ತೆರೆದು ನೋಡುವಾಗ ಯಾಳಿಯ ಕೊರಳು ದಂಡಿಯಿಂದ ಮುರಿದು, ತಂತಿಗಳ ಆಸರೆಯಿಂದ ಮಾತ್ರ ನೇತಾಡುತ್ತಿದ್ದಿತು. ಯಾರ ಕೈಯಲ್ಲಿ, ಎಲ್ಲಿ ಆದುದೆಂಬುದು ತಿಳಿಯಲಿಲ್ಲ. ಒಡೆಯುವ ವಸ್ತುವಿಗೆ ತಾವು ಹೊಣೆಯಲ್ಲವೆಂಬ ಕಾಗದಕ್ಕೆ ನಾವೇ ರುಜು ಹಾಕಿದ್ದೆವೆಂದು ಆ ವಿಮಾನದವರು ತೋರಿಸಿದರು, ರುಜು ನಮ್ಮದೇ. ಓದದೆ ರುಜು ಹಾಕಕೂಡದೆಂದು ಮಕ್ಕಳಿಗೆ ಬೋಧಿಸಿದ ಉಪಾಧ್ಯಾಯರ ರುಜು.

ಮನೆಯಾಕೆಯು ಅಳಲಿಲ್ಲ, ಜಗಳವಾಡಲೂ ಇಲ್ಲ. ಮುಂದಿನ ಪ್ರಯಾಣದ ಮಾತು ಬಂದಾಗ ಮಾತ್ರ, “ನೀವು ಹೋಗಿಬನ್ನಿ. ನಾನು ಇಲ್ಲೇ ಇರ್ತೀನಿ” ಎಂದಳು. ನಾವು ಎರಡು ಸಲ ಒಬ್ಬರೇ ಹೋಗಿಬಂದೆವು. ಐದು ವರ್ಷದ ಮೊಮ್ಮಗಳು ಅಜ್ಜಿಯ ತೊಡೆಯ ಬಳಿ ಕುಳಿತು ಸರಳೆ ವರಸೆಯನ್ನು ಆರಂಭಿಸಿದ್ದಳು, ಬಾಗಿಲು ತೆರೆದವಳು ನಮ್ಮ ಬೆನ್ನ ಹಿಂದೆ ಇಣುಕಿ ನೋಡಿ, “ಅಜ್ಜಿ ಎಲ್ಲಿ ತಾತ?” ಎಂದಳು. ಎರಡನೆಯ ಸಲ ಕೇಳಲೂ ಇಲ್ಲ. ಈ ವಿಷಯವನ್ನು ನಾವು ಮನೆಯಲ್ಲಿ ಹೇಳಬಾರದಾಗಿತ್ತು, ಹೇಳಿದೆವು.

ವೀಣೆ ಶೇಷಣ್ಣನವರ (1852–1926) ವಿಷಯವಾಗಿ ಮೈಸೂರಿನ ಹಿರಿಯರು ಒಂದು ಪ್ರಸಂಗವನ್ನು ಹೇಳುವುದುಂಟು. ಬರೋಡೆಯ ಮಹಾರಾಜರು ಅವರ ವಾದನಕ್ಕೆ ಮೆಚ್ಚಿ ಪಲ್ಲಕ್ಕಿಯನ್ನು ದಯಪಾಲಿಸಿದರಂತೆ. ಅದರಲ್ಲಿ ಕುಳಿತು ಮೆರವಣಿಗೆಯಲ್ಲಿ ಬರಬೇಕೆಂದಾಗ ಶೇಷಣ್ಣನವರು ವೀಣೆಯನ್ನು ಪಲ್ಲಕ್ಕಿಯಲ್ಲಿರಿಸಿ, ತಾವು ಅದರೊಡನೆ ನಡೆದು ಬಂದರಂತೆ. ನಾವು ಆಸನದಲ್ಲಿ ಕುಳಿತು ವೀಣೆಯನ್ನು ಕೆಳಗೆ ಕಳುಹಿಸಿದವರು. ಮನೆಯಾಕೆಯು ಈ ಪ್ರಸಂಗವನ್ನು ಎತ್ತಲಿಲ್ಲ; ಅದು ನಮಗೆ ತಾನಾಗಿಯೇ ನೆನಪಾಗುತ್ತಿದ್ದಿತು.

ಪರಿಹಾರವನ್ನು ಹುಡುಕತೊಡಗಿದೆವು. ದಂಡಿಯನ್ನು ಕಳಚಿ ಎರಡು ತುಂಡಾಗಿ ಒಯ್ಯಬಹುದಾದ ವೀಣೆಗಳು ಈಗ ದೊರೆಯುತ್ತವೆ. ಮೇಣದ ಬಳಕೆಯಿಲ್ಲದೆ ಮೆಟ್ಟಿಲುಗಳನ್ನು ಕೂರಿಸಿ, ಕೊಡದ ಕೆಲಸವನ್ನು ಧ್ವನಿವರ್ಧಕಕ್ಕೆ ವಹಿಸಿದ ವಿದ್ಯುನ್ಮಾನ ವೀಣೆಗಳೂ ಇವೆ. ಊರೂರು ತಿರುಗಿ ಕಛೇರಿ ಮಾಡುವವರಿಗೆ ಇವು ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಬೆಂಗಳೂರಿನಲ್ಲಿ ಎರಡು ಬಗೆಯನ್ನೂ ನುಡಿಸಿ ನೋಡಿದ ಮನೆಯಾಕೆಯು, “ಚೆನ್ನಾಗಿದೆ. ಆದರೆ ಇದು ನನ್ನ ಕೈಗೆ ಹೊಸಬರ ಮನೆ ಇದ್ದ ಹಾಗೆ” ಎಂದಳು. ಬೆಲೆಯನ್ನು ಕೇಳಿದ್ದ ನಾವು ಒತ್ತಾಯಿಸಲಿಲ್ಲ.

ಮರಳಿ ಬರುವಾಗ ರಾಮನಗರದ ಬಳಿ ಆಕೆಯೇ ಹೇಳಿದಳು: “ವೀಣೆ ಒಂದು ಅಲ್ಲೂ ಇದ್ದರಾಯಿತು. ದಿನಾ ಹೊತ್ತುಕೊಂಡು ಹೋಗಬೇಕಾದ್ದು ವೀಣೆಯಲ್ಲ, ಶ್ರುತಿ.” ಕೇಳಿಬರತಕ್ಕದ್ದೆಂಬುದೇ ಶ್ರುತಿಶಬ್ದದ ವ್ಯುತ್ಪತ್ತಿಯೆಂದು ಮೂವತ್ತು ವರ್ಷ ಪಾಠ ಹೇಳಿದವರು ನಾವು, ಸಾಮಾನಿನ ಪಟ್ಟಿಯಲ್ಲಿ ಅದನ್ನು ಮೊದಲನೆಯದಾಗಿ ಬರೆಯಬೇಕೆಂದು ತೋಚಿದ್ದು ಆಕೆಗೆ.

ಮುರಿದ ವೀಣೆಯನ್ನು ಮೈಸೂರಿನ ಕುಶಲಿಯೊಬ್ಬರು ಕೊರಳಿನೊಳಗೆ ಮರದ ಗೂಟವನ್ನು ಕೊಟ್ಟು ಕೂಡಿಸಿದರು. ಗಾಯದ ಗೆರೆ ಕಾಣುತ್ತದೆ, ನಾದಕ್ಕೆ ಹೆಚ್ಚಿನ ಲೋಪವಿಲ್ಲ. ಅದನ್ನು ನಾವೊಬ್ಬರೇ ರೈಲಿನಲ್ಲಿ ದೆಹಲಿಗೆ ಒಯ್ದೆವು. ಎರಡು ರಾತ್ರಿ ಕೆಳಗಿನ ಹಾಸುಗೆಯಲ್ಲಿ ವೀಣೆ ಮಲಗಿತು, ಅದರ ಪಕ್ಕದಲ್ಲಿ ಒರಗಿದಂತೆ ನಾವು. ಈಗ ಅದು ಅಲ್ಲಿಯದೇ ವೀಣೆ. ಕಡಕೊಳಕ್ಕೆ ಬೇರೊಂದನ್ನು ಕೊಂಡೆವು.

ಇನ್ನು ಪೆಟ್ಟಿಗೆಯ ವಿಚಾರ. ತಂಬೂರಿಯ ನಾದವನ್ನು ಯಂತ್ರದಿಂದ ಹೊರಡಿಸುವ ಶ್ರುತಿಪೆಟ್ಟಿಗೆಯು ಇಂದು ಮನೆಮನೆಯ ವಸ್ತುವಾಗಿದೆ. 1970ರ ದಶಕದಲ್ಲಿ ಅದನ್ನು ರೂಪಿಸಿದವರಲ್ಲಿ ಪ್ರಮುಖರು ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು, ಕೊಳಲುವಾದಕರು, ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ಇಂಜಿನಿಯರರಾಗಿದ್ದವರು. ವಿಮಾನದ ಕಾರ್ಖಾನೆಯಲ್ಲಿ ದುಡಿದವರ ಕೈಯಿಂದಲೇ ವಿಮಾನದಲ್ಲಿ ಒಯ್ಯಬಹುದಾದ ತಂಬೂರಿ ಬಂದುದು ನಮಗಂತೂ ಬಹು ಚೆನ್ನೆನಿಸಿತು. ಮೊಬೈಲಿನಲ್ಲಿಯೇ ತಂಬೂರಿಯಿದೆಯಲ್ಲ, ಬೇರೆ ಪೆಟ್ಟಿಗೆಯೇಕೆಂದು ನಮ್ಮ ಅಳಿಯಂದಿರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ವಿಮಾನದಲ್ಲಿರುವಷ್ಟು ಹೊತ್ತು ಮೊಬೈಲೇ ಸಾಕು. ಆದರೆ ಸಾಧನೆಯ ನಡುವೆ ಅದಕ್ಕೆ ಕರೆ ಬರುತ್ತದೆ. ಅದರ ಪುಟ್ಟ ಬಾಯಿಗೆ ಮಂದ್ರವು ನಿಲುಕದು.

ಈ ಪೆಟ್ಟಿಗೆಗೆ ನಾಲ್ಕು ದಿನ ಸಾಲುವ ಬ್ಯಾಟರಿಯನ್ನು ಜೋಡಿಸಬೇಕೆಂಬ ಹಂಬಲವು ನಮಗೆ ಹುಟ್ಟಿತು. ನಿವೃತ್ತರಾದವರಿಗೆ ಇಂಥ ಹಂಬಲಗಳು ಹುಟ್ಟುವುದುಂಟು. ವಿದ್ಯುತ್ಕೆಲಸ ಬಲ್ಲ ನೆರೆಮನೆಯ ಹುಡುಗನು ಹಳೆಯ ಲ್ಯಾಪ್‌ಟಾಪಿನ ಕೋಶಗಳನ್ನು ಬಿಡಿಸಿ, ತಂತಿಗಳಿಂದ ಹೆಣೆದು, ನಾವು ಬಡಗಿಯಿಂದ ಮಾಡಿಸಿದ ಮರದ ಡಬ್ಬಿಯೊಳಗೆ ಕೂರಿಸಿಕೊಟ್ಟನು. ತಪಾಸಣೆಯ ಯಂತ್ರದೊಳಗೆ ಅದು ಹೇಗೆ ಕಾಣಬಹುದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಂದು ನಿಲ್ದಾಣದಲ್ಲಿ ಸಾಲು ನಿಂತುಹೋಯಿತು. ಡಬ್ಬಿಯನ್ನು ಬಿಚ್ಚಿಸಿದರು. ಇದೇನೆಂದು ಕೇಳಿದ ಅಧಿಕಾರಿಗೆ ನಾವು ನಮ್ಮ ಪುಸ್ತಕದ ಹಿಂದಿಯಲ್ಲಿ ಉತ್ತರ ಕೊಡುತ್ತಿರುವಾಗ, ಮನೆಯಾಕೆಯು ಮುಂದೆ ಬಂದು ಗುಂಡಿಯನ್ನು ತಿರುಗಿಸಿದಳು. ಆ ಗದ್ದಲದ ನಡುವೆ ಪ–ಸ–ಸ–ಸ ಎಂದು ತಂಬೂರಿ ಮೀಟತೊಡಗಿತು. ಅಧಿಕಾರಿಯು ನಕ್ಕು ಪೆಟ್ಟಿಗೆಯನ್ನು ಹಿಂದಕ್ಕೆ ಕೊಟ್ಟನು, ಬ್ಯಾಟರಿಯನ್ನು ಮಾತ್ರ ಇರಿಸಿಕೊಂಡನು. ತಪ್ಪು ನಮ್ಮದೇ, ಅದರ ಮೇಲೆ ಶಕ್ತಿಯ ಪ್ರಮಾಣವೇ ಬರೆದಿರಲಿಲ್ಲ.

ಈ ನಿಯಮವನ್ನು ಪ್ರಯಾಣ ಮಾಡುವ ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕು. ಲಿಥಿಯಂ ಬ್ಯಾಟರಿಯು ಕೆಟ್ಟರೆ ಹೊತ್ತಿ ಉರಿಯುವುದು. ಕೆಳಗಿನ ಸಾಮಾನುಗಳ ನಡುವೆ ಬೆಂಕಿ ಹುಟ್ಟಿದರೆ ನಂದಿಸುವವರಿಲ್ಲ. ಆದುದರಿಂದ ಬಿಡಿ ಬ್ಯಾಟರಿಗಳನ್ನೂ ಪವರ್ ಬ್ಯಾಂಕನ್ನೂ ಕೈಚೀಲದಲ್ಲಿಯೇ ಒಯ್ಯತಕ್ಕದ್ದು. 100 ವ್ಯಾಟ್-ಅವರ್‌ವರೆಗೆ ಕೇಳುವ ಅಗತ್ಯವಿಲ್ಲ. 100ರಿಂದ 160ರವರೆಗೆ ವಿಮಾನದವರ ಒಪ್ಪಿಗೆ ಬೇಕು. ಅದಕ್ಕೆ ಮೇಲ್ಪಟ್ಟುದನ್ನು ಬಿಡುವುದಿಲ್ಲ. ಲೆಕ್ಕವು ಸುಲಭ. 10,000 ಮಿಲಿ ಆಂಪಿಯರ್-ಅವರ್ ಎಂದು ಬರೆದಿದ್ದರೆ ಅದು 10 ಆಂಪಿಯರ್-ಅವರ್, 3.7 ವೋಲ್ಟಿನಿಂದ ಗುಣಿಸಿದರೆ 37. ಹಾರಾಟದ ವೇಳೆ ಪವರ್ ಬ್ಯಾಂಕಿನಿಂದ ಚಾರ್ಜು ಮಾಡುವುದನ್ನು ಹಲವು ವಿಮಾನ ಸಂಸ್ಥೆಗಳು ನಿಷೇಧಿಸಿರುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಮೇಲು. ಈಗ ನಾವು ಅಂಗಡಿಯಲ್ಲಿ ಕೊಂಡ, ಪ್ರಮಾಣವು ಸ್ಪಷ್ಟವಾಗಿ ಅಚ್ಚಾಗಿರುವ ಒಂದೇ ಒಂದನ್ನು ಒಯ್ಯುತ್ತೇವೆ. ತಂತಿ ಕತ್ತರಿಸುವ ಇಕ್ಕಳವು ಕೆಳಗಿನ ಪೆಟ್ಟಿಗೆಗೆ. ಅದನ್ನೂ ಒಮ್ಮೆ ಕಳೆದುಕೊಂಡ ಮೇಲೆ ಕಲಿತದ್ದು.

ಇನ್ನೊಂದು ತೊಡಕು ವಿಮಾನದ ಸದ್ದು. ಹಾರುವಾಗ ಒಳಗಿನ ಗದ್ದಲವು ಸುಮಾರು 80ರಿಂದ 85 ಡೆಸಿಬೆಲ್ ಇರುವುದು. ಅದರ ಮೇಲೆ ಸಂಗೀತವು ಕೇಳಬೇಕೆಂದು ನಾವು ಧ್ವನಿಯನ್ನು ಏರಿಸುತ್ತ ಹೋದೆವು. ದೆಹಲಿಯಲ್ಲಿಳಿದ ಮೇಲೆ ಒಂದು ದಿನವೆಲ್ಲ ಕಿವಿಯಲ್ಲಿ ಜೀರುಂಡೆ ಕೂಗುತ್ತಿದ್ದಿತು. ಅರುವತ್ತರ ಕಿವಿಗೆ ಇದು ಚೇಷ್ಟೆಯ ಮಾತಲ್ಲ. ಮನೆಯಾಕೆಯ ಸಂಕಟವು ಬೇರೆ. ಎಂಜಿನ್ನಿನ ಗುಂಯ್ಗುಡುವಿಕೆಯು ತನ್ನ ಷಡ್ಜಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿದೆಯೆಂದೂ, ಎರಡು ಮುಕ್ಕಾಲು ಗಂಟೆ ಅಪಶ್ರುತಿಯನ್ನು ಕೇಳುವುದು ಹಲ್ಲುನೋವಿಗೆ ಸಮಾನವೆಂದೂ ಆಕೆ ಹೇಳಿದಳು. ನಮಗೆ ಅದು ಬರಿಯ ಸದ್ದಾಗಿಯೇ ಇದ್ದಿತು.

ಇದಕ್ಕೆ ಮದ್ದನ್ನು ಕಂಡುಹಿಡಿದವರಲ್ಲಿ ಅಮರ್ ಬೋಸರು ಒಬ್ಬರು. ಇವರ ತಂದೆಯು ಸ್ವಾತಂತ್ರ್ಯ ಹೋರಾಟದ ಕಾರಣದಿಂದ ಬಂಗಾಳವನ್ನು ಬಿಟ್ಟು ಅಮೆರಿಕೆಯನ್ನು ಸೇರಿದವರು. 1978ರಲ್ಲಿ ಯೂರೋಪಿನಿಂದ ಬಾಸ್ಟನ್ನಿಗೆ ಹಾರುತ್ತಿದ್ದಾಗ ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಸದ್ದಿನ ಹೊರತು ಏನೂ ಕೇಳದಿರಲು, ಬೋಸರು ಅಲ್ಲಿಯೇ ಕುಳಿತು ಲೆಕ್ಕ ಹಾಕತೊಡಗಿದರಂತೆ. ತತ್ತ್ವವು ಇಷ್ಟೆ: ಶಬ್ದವೆಂದರೆ ಗಾಳಿಯ ಅಲೆ. ಹೊರಗಿನ ಅಲೆಯನ್ನು ಪುಟ್ಟ ಮೈಕಿನಿಂದ ಗ್ರಹಿಸಿ, ಅದು ಏರುವಲ್ಲಿ ಇಳಿಯುವ, ಇಳಿಯುವಲ್ಲಿ ಏರುವ ಪ್ರತಿ ಅಲೆಯನ್ನು ಕಿವಿಯ ಬಳಿ ಹುಟ್ಟಿಸಿದರೆ ಎರಡೂ ಪರಸ್ಪರ ಅಡಗುತ್ತವೆ. 1986ರಲ್ಲಿ ಇಂಧನ ತುಂಬಿಕೊಳ್ಳದೆ ಭೂಪ್ರದಕ್ಷಿಣೆ ಮಾಡಿದ ‘ವಾಯೇಜರ್’ ವಿಮಾನದ ಚಾಲಕರಿಬ್ಬರು ಇಂಥದನ್ನು ಧರಿಸಿದ್ದರು. 1989ರಲ್ಲಿ ಅದು ವಿಮಾನಚಾಲಕರಿಗಾಗಿ ಮಾರಾಟಕ್ಕೆ ಬಂದಿತು, 2000ದಲ್ಲಿ ಪ್ರಯಾಣಿಕರಿಗೆ. ಈಗ ಅನೇಕರು ಮಾಡುತ್ತಾರೆ, ಬೆಲೆಯೂ ಇಳಿದಿದೆ. ಒಂದೇ ಸಮನಾದ ಮಂದ್ರ ಶಬ್ದವನ್ನು ಇದು ಚೆನ್ನಾಗಿ ಅಡಗಿಸುವುದು. ಹಿಂದಿನ ಸಾಲಿನ ಮಗುವಿನ ಅಳುವನ್ನು ಅಷ್ಟಾಗಿ ಅಡಗಿಸದು. ಕಿವಿಯನ್ನು ಪೂರ್ತಿ ಮುಚ್ಚುವ ಬಗೆಯದೇ ಮೇಲೆಂಬುದು ನಮ್ಮ ಅನುಭವ.

ಅಳಿಯಂದಿರು ಕೊಡಿಸಿದ ಅದನ್ನು ಮನೆಯಾಕೆಯು ಮೊದಲ ಸಲ ಧರಿಸಿದುದು ದೇವನಹಳ್ಳಿಯಿಂದ ಮೇಲೇರುವಾಗ. ಮೂರು ಮನೆಯ ಶ್ರುತಿಯನ್ನು ಮೆಲ್ಲಗೆ ಹಾಕಿಕೊಟ್ಟೆವು. ಸ್ವಲ್ಪ ಹೊತ್ತಿಗೆ ಆಕೆಯ ಎಡಗೈಯ ಬೆರಳುಗಳು ಮುಂದಿನ ಮಡಚುಹಲಗೆಯ ಮೇಲೆ ಸರಿಯತೊಡಗಿದವು. ನಾವು ಮಾತನಾಡಿಸಲಿಲ್ಲ. ತಿಂಡಿಯ ಗಾಡಿಯನ್ನು ತಂದ ಹುಡುಗಿಯನ್ನೂ ಸನ್ನೆಯಿಂದ ಮುಂದಕ್ಕೆ ಕಳುಹಿಸಿ, ನಮ್ಮ ಪಾಲಿನ ಕಾಫಿಯನ್ನೂ ಕಳೆದುಕೊಂಡೆವು.

ದೆಹಲಿಯ ವೀಣೆಗೆ ವರ್ಷವರ್ಷವೂ ಒಂದು ಉಪಚಾರವುಂಟು. ಅಲ್ಲಿಯ ಬೇಸಗೆಗೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಜರುಗುತ್ತವೆ. ಚಳಿಗಾಲದ ಒಣಹವೆಗೆ ಬಿರಡೆಗಳು ಸಡಿಲವಾಗುತ್ತವೆ. ಹೋದ ಮರುದಿನ ಮನೆಯಾಕೆಯು ಶ್ರುತಿಪೆಟ್ಟಿಗೆಯನ್ನು ಹಾಕಿಕೊಂಡು, ಜರುಗಿದ ಮೆಟ್ಟಿಲುಗಳನ್ನು ಒಂದೊಂದಾಗಿ ಸ್ಥಾನಕ್ಕೆ ಕೂರಿಸುತ್ತಾಳೆ. ಮೊಮ್ಮಗಳು ತಂತಿಯನ್ನು ಮೀಟಿ, “ಇನ್ನೂ ಸ್ವಲ್ಪ ಮೇಲೆ ಅಜ್ಜಿ” ಎನ್ನುತ್ತಾಳೆ. ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಾಳೆ.

ಸದ್ಯದ ನಮ್ಮ ಚೀಲದಲ್ಲಿ ಶ್ರುತಿಪೆಟ್ಟಿಗೆ, ಅದರ ವಿದ್ಯುತ್ತಂತಿ, ಹೆಡ್‌ಫೋನು, ತಂತಿಯಿಂದಲೂ ಕೇಳಲು ಒಂದು ಹಗ್ಗ, ಬ್ಯಾಟರಿ, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಸಂಗೀತವುಳ್ಳ ಉಗುರಿನಷ್ಟು ಕಾರ್ಡು, ಬೆರಳಿಗೆ ಸವರುವ ಎಣ್ಣೆಯ ಪುಟ್ಟ ಸೀಸೆ ಇಷ್ಟೂ ಸೇರಿ ಎರಡು ಕಿಲೋ ಆಗುವುದಿಲ್ಲ. ಮೇಣ, ಬಿಡಿ ತಂತಿಗಳು, ಇಕ್ಕಳ ಕೆಳಗಿನ ಪೆಟ್ಟಿಗೆಯಲ್ಲಿ. ಬಡಗಿಯು ಮಾಡಿಕೊಟ್ಟ ಮರದ ಡಬ್ಬಿಯೂ ವ್ಯರ್ಥವಾಗಲಿಲ್ಲ. ಮನೆಯಾಕೆಯು ಅದರಲ್ಲಿ ಒಗ್ಗರಣೆಯ ಸಾಮಾನನ್ನು ಇಟ್ಟಿದ್ದಾಳೆ. ನವರಾತ್ರಿಗೆ ಮತ್ತೆ ಹೊರಡುವುದಿದೆ, ಅಷ್ಟರೊಳಗೆ ಮೈಸೂರಿಗೆ ಹೋಗಿ ಮೇಣವನ್ನು ತರಬೇಕಾಗಿದೆ.