ಜ್ವರ ನೋಡುವ ಥರ್ಮಾಮೀಟರ್ ಶುಚಿಯಾಗಿದೆಯೇ?

ಮನೆಯಲ್ಲಿ ಒಬ್ಬರಿಗೆ ನೆಗಡಿ, ಜ್ವರ ಬಂದರೆ ಎರಡು ಮೂರು ದಿನಗಳಲ್ಲಿ ಉಳಿದವರೂ ಹಾಸಿಗೆ ಹಿಡಿಯುವುದುಂಟು. ಕೆಮ್ಮು, ಸೀನುಗಳೇ ಇದಕ್ಕೆ ಮುಖ್ಯ ಕಾರಣ. ಆದರೆ ಒಬ್ಬರ ಬಾಯಿಂದ ತೆಗೆದ ಥರ್ಮಾಮೀಟರನ್ನು ಸೆರಗಿಗೆ ಒರೆಸಿ ಇನ್ನೊಬ್ಬರ ನಾಲಿಗೆಯ ಕೆಳಗಿಡುವ ಅಭ್ಯಾಸವೂ ಒಳ್ಳೆಯದಲ್ಲ. ಒರೆಸಿದರೆ ಎಂಜಲು ಕಾಣದಾಗುತ್ತದೆಯೇ ಹೊರತು ರೋಗಾಣುಗಳು ಹೋಗುವುದಿಲ್ಲ.

ಪ್ರತಿ ಸಲ ಬಳಸಿದ ಮೇಲೆ ಥರ್ಮಾಮೀಟರಿನ ತುದಿಯನ್ನು ಸಾಬೂನು ಮತ್ತು ತಣ್ಣೀರಿನಿಂದ ತೊಳೆಯಿರಿ. ಬಳಿಕ ಔಷಧ ಅಂಗಡಿಯಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ನಂತರ ಡಬ್ಬಿಯಲ್ಲಿಡಿ. ಬಾಯಿಗಿಡುವ ಮುನ್ನ ಮತ್ತೊಮ್ಮೆ ತಣ್ಣೀರಿನಲ್ಲಿ ತೊಳೆಯಿರಿ. ಡಿಜಿಟಲ್ ಆಗಿದ್ದರೆ ತುದಿಯನ್ನಷ್ಟೇ ಶುಚಿಗೊಳಿಸಿ, ಇಡಿಯಾಗಿ ನೀರಿನಲ್ಲಿ ಮುಳುಗಿಸಬೇಡಿ. ಕೂಸುಗಳ ಗುದದ್ವಾರದಲ್ಲಿ ಬಳಸಿದ್ದನ್ನು ಗುರುತು ಹಾಕಿ ಬೇರೆ ಇಡಿ. ಅದನ್ನು ಬಾಯಿಗೆ ಎಂದೂ ಬಳಸಬಾರದು.

ಪಾದರಸದ ಥರ್ಮಾಮೀಟರಿಗೆ ಬಿಸಿನೀರು ಬೇಡವೇ ಬೇಡ. ಅದರ ಅಳತೆ 42 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಸುಮಾರು 108 ಫ್ಯಾರನ್‌ಹೀಟ್‌ಗೆ ಮುಗಿಯುತ್ತದೆ. ಅದಕ್ಕೂ ಹೆಚ್ಚು ಬಿಸಿಯಾದರೆ ಪಾದರಸ ಹಿಗ್ಗಿ ಗಾಜು ಒಡೆಯಬಹುದು.

ತುಳಸಿಗೇರಿ, ಬಾಗಲಕೋಟೆ ಕಡೆಯ ಓದುಗರು ಇನ್ನೊಂದು ವಿಷಯ ಗಮನಿಸಬೇಕು. ಇಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಅದು 104 ಫ್ಯಾರನ್‌ಹೀಟ್‌ಗೆ ಸಮ. ತಗಡಿನ ಮನೆಯಲ್ಲೋ ಬಿಸಿಲು ಬೀಳುವ ಕಿಟಕಿಯಲ್ಲೋ ಇಟ್ಟ ಥರ್ಮಾಮೀಟರಿನ ಪಾದರಸ ಯಾರಿಗೂ ಜ್ವರವಿಲ್ಲದಿದ್ದರೂ ಮೇಲೇರಿರುತ್ತದೆ. ಹಾಗೆಯೇ ಬಳಸಿದರೆ ಇಲ್ಲದ ಜ್ವರ ತೋರಿಸುತ್ತದೆ. ಮೊದಲು ಗಡಿಗೆಯ ತಣ್ಣೀರನ್ನು ಬೇರೆ ಪಾತ್ರೆಗೆ ಹಾಕಿ ಅದರಲ್ಲಿ ತುದಿಯನ್ನು ಅದ್ದಿರಿ. ನಂತರ ಒದರಿ 96ರ ಕೆಳಗೆ ಇಳಿಸಿಕೊಳ್ಳಿ.

ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಕಸಬರಿಗೆಯಿಂದ ಗುಡಿಸಬೇಡಿ, ಹನಿಗಳು ಇನ್ನಷ್ಟು ಚೂರಾಗಿ ಹರಡುತ್ತವೆ. ಪಾದರಸ ಬಂಗಾರಕ್ಕೆ ಅಂಟುವುದರಿಂದ ಉಂಗುರ, ಬಳೆ ತೆಗೆದಿಡಿ. ಕೈಚೀಲ ಧರಿಸಿ, ದಪ್ಪ ಕಾಗದದಿಂದ ಹನಿಗಳನ್ನು ಕೂಡಿಸಿ ಮುಚ್ಚಳದ ಬಾಟಲಿಗೆ ಹಾಕಿ. ಗಟಾರಕ್ಕೆ ಚೆಲ್ಲಬೇಡಿ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಹೊಸದಾಗಿ ಕೊಳ್ಳುವವರು ಡಿಜಿಟಲ್ ಥರ್ಮಾಮೀಟರನ್ನೇ ಕೊಳ್ಳಿರಿ. ಅದರ ಗುಂಡಿಯಾಕಾರದ ಸೆಲ್ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ನುಂಗಿದರೆ ಪ್ರಾಣಾಪಾಯ.

ಕೊನೆಯದಾಗಿ, ಮೂರು ತಿಂಗಳೊಳಗಿನ ಕೂಸಿನ ಮೈ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.